ಲಖ್ದರ್ ಬ್ರಾಹಿಮಿ: ಬದುಕು ಮತ್ತು ರಾಜತಾಂತ್ರಿಕತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಲೆಬನಾನ್, ಅಫ್ಗಾನಿಸ್ತಾನ, ಇರಾಕ್, ಸಿರಿಯಾ: ಈ ದೇಶಗಳ ಇತ್ತೀಚಿನ ಚರಿತ್ರೆಯನ್ನು ಓದಲು ಕುಳಿತವರಿಗೆ ಅಲ್ಜೀರಿಯಾದ ಒಬ್ಬ ಹಿರಿಯರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಅವರ ಹೆಸರು ಬಂದದ್ದು ಹೆಚ್ಚಾಗಿ ಸುದ್ದಿಯ ಒಂದು ಸಾಲಾಗಿ ಮಾತ್ರ. ಮಾತುಕತೆಯಿಂದ ಯುದ್ಧ ನಿಲ್ಲಿಸುವುದು ಎಷ್ಟು ಸಾಧ್ಯ, ಎಲ್ಲಿ ಅಸಾಧ್ಯ ಎಂದು ತಿಳಿಯಬೇಕಾದವರು ಈ ಬದುಕನ್ನು ನಿಧಾನವಾಗಿ ನೋಡಬೇಕು ಎಂಬ ನಂಬಿಕೆಯಿಂದ ಈ ಪ್ರಶ್ನೋತ್ತರವನ್ನು ಬರೆಯಲಾಗಿದೆ.

ಲಖ್ದರ್ ಬ್ರಾಹಿಮಿ ಯಾರು?

1934ರ ಜನವರಿ 1ರಂದು ಅಲ್ಜೀರಿಯಾದಲ್ಲಿ, ರಾಜಧಾನಿ ಅಲ್ಜೀರ್ಸ್‌ನ ದಕ್ಷಿಣಕ್ಕಿರುವ ಎಲ್ ಅಜೀಜಿಯಾ ಎಂಬ ಊರಿನಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟದ ಪ್ರತಿನಿಧಿ, ರಾಯಭಾರಿ, ಅರಬ್ ದೇಶಗಳ ಒಕ್ಕೂಟವಾದ ಅರಬ್ ಲೀಗ್‌ನ ಉಪ ಮಹಾಕಾರ್ಯದರ್ಶಿ, ತಮ್ಮ ದೇಶದ ವಿದೇಶಾಂಗ ಸಚಿವ, ಕೊನೆಗೆ ವಿಶ್ವಸಂಸ್ಥೆಯ ಸಂಧಾನಕಾರ: ಹೀಗೆ ಆರು ದಶಕಗಳ ಸಾರ್ವಜನಿಕ ಜೀವನ ಅವರದು. ನೆಲ್ಸನ್ ಮಂಡೇಲಾ 2007ರಲ್ಲಿ ಕಟ್ಟಿದ ‘ದಿ ಎಲ್ಡರ್ಸ್’ ಎಂಬ ಹಿರಿಯರ ಬಳಗದಲ್ಲೂ ಇದ್ದರು. ಚುನಾವಣೆಗೆ ನಿಂತು ಗೆದ್ದ ನಾಯಕರ ಸಾಲಿಗೆ ಅವರು ಸೇರುವುದಿಲ್ಲ. ಆದರೂ ಕನಿಷ್ಠ ಮೂರು ದೇಶಗಳಲ್ಲಿ ಯಾರು ಅಧಿಕಾರಕ್ಕೆ ಬರಬೇಕು ಎಂಬ ಮಾತುಕತೆ ನಡೆದ ಕೋಣೆಯಲ್ಲಿ ಅವರೇ ನಡುವೆ ಕುಳಿತಿದ್ದರು.

ಕಾನೂನು ಓದುತ್ತಿದ್ದ ವಿದ್ಯಾರ್ಥಿ ರಾಜತಾಂತ್ರಿಕರಾದದ್ದು ಹೇಗೆ?

ಅವರು ಹುಟ್ಟಿದಾಗ ಅಲ್ಜೀರಿಯಾ ಫ್ರಾನ್ಸಿನ ಆಳ್ವಿಕೆಗೆ ಸಿಕ್ಕಿ ನೂರು ವರ್ಷ ದಾಟಿತ್ತು. ಫ್ರಾನ್ಸ್ ಅಲ್ಜೀರಿಯಾವನ್ನು ವಸಾಹತು ಎಂದೂ ಒಪ್ಪುತ್ತಿರಲಿಲ್ಲ, ತನ್ನದೇ ನೆಲದ ಭಾಗ ಎನ್ನುತ್ತಿತ್ತು. 1954ರ ನವೆಂಬರ್ 1ರಂದು ರಾಷ್ಟ್ರೀಯ ವಿಮೋಚನಾ ರಂಗ ಸಶಸ್ತ್ರ ಹೋರಾಟ ಆರಂಭಿಸಿದಾಗ ಬ್ರಾಹಿಮಿಗೆ ಇಪ್ಪತ್ತು ವರ್ಷ. ಅಲ್ಜೀರಿಯಾದಲ್ಲೂ ಫ್ರಾನ್ಸಿನಲ್ಲೂ ಕಾನೂನು ಮತ್ತು ರಾಜ್ಯಶಾಸ್ತ್ರ ಓದಿದ ಅವರು 1956ರಲ್ಲಿ ವಿಮೋಚನಾ ರಂಗದ ಪ್ರತಿನಿಧಿಯಾಗಿ ಜಕಾರ್ತಾಕ್ಕೆ ಹೋದರು. 1961ರವರೆಗೆ ಆಗ್ನೇಯ ಏಷ್ಯಾದಲ್ಲಿ ತಮ್ಮ ಹೋರಾಟದ ಪರ ಬೆಂಬಲ ಕೂಡಿಸುವುದು ಅವರ ಕೆಲಸವಾಗಿತ್ತು.

ಈ ಐದು ವರ್ಷಗಳಿಗೆ ಚರಿತ್ರೆಕಾರರು ಕೊಡುವುದಕ್ಕಿಂತ ಹೆಚ್ಚಿನ ತೂಕ ಕೊಡಬೇಕು. 1955ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ ಮತ್ತು ಆಫ್ರಿಕಾದ 29 ದೇಶಗಳು ಸೇರಿದ್ದವು. ಸ್ವತಂತ್ರ ದೇಶವೇ ಇಲ್ಲದ ಅಲ್ಜೀರಿಯನ್ನರು ಅಲ್ಲಿಗೆ ವೀಕ್ಷಕರಾಗಿ ಬಂದಿದ್ದರು. ಮರುವರ್ಷ ಜಕಾರ್ತಾಕ್ಕೆ ಬಂದಿಳಿದ ಈ ಯುವಕನಿಗೆ ದೂತಾವಾಸವಿರಲಿಲ್ಲ, ರಾಜತಾಂತ್ರಿಕ ರಕ್ಷಣೆಯಿರಲಿಲ್ಲ, ಹಿಂದೆ ನಿಂತ ಸೈನ್ಯವೂ ಇರಲಿಲ್ಲ. ಕೈಯಲ್ಲಿದ್ದದ್ದು ವಾದ ಮತ್ತು ತಾಳ್ಮೆ. ಮುಂದೆ ಅವರು ಹೋದಲ್ಲೆಲ್ಲ ಬಲಹೀನ ಪಕ್ಷದವರು ಅವರೊಡನೆ ಮಾತಾಡಲು ಒಪ್ಪಿದ್ದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ.

1962ರಲ್ಲಿ ದೇಶ ಸ್ವತಂತ್ರವಾಯಿತು. 1963ರಿಂದ 1970ರವರೆಗೆ ಕೈರೋದಲ್ಲಿ ರಾಯಭಾರಿ; ಅಧ್ಯಕ್ಷ ನಾಸೆರ್ ಅವರ ಈಜಿಪ್ಟನ್ನೂ ಇಸ್ರೇಲ್ ಎದುರಿನ 1967ರ ಯುದ್ಧದ ಸೋಲನ್ನೂ ಅಲ್ಲಿಂದಲೇ ಕಂಡರು. 1971ರಿಂದ 1979ರವರೆಗೆ ಲಂಡನ್. ನಂತರ ಅಧ್ಯಕ್ಷರ ಸಲಹೆಗಾರ, 1984ರಿಂದ ಅರಬ್ ಲೀಗ್.

ಸಂಧಾನಕಾರರಾಗಿ ಅವರಿಗೆ ಹೆಸರು ತಂದ ಮೊದಲ ಕೆಲಸ ಯಾವುದು?

ಲೆಬನಾನ್. ಅಲ್ಲಿ 1975ರಿಂದ ಅಂತರ್ಯುದ್ಧ ನಡೆದಿತ್ತು. 1989ರಲ್ಲಿ ಅರಬ್ ನಾಯಕರು ಮೊರಾಕ್ಕೊ, ಸೌದಿ ಅರೇಬಿಯಾ, ಅಲ್ಜೀರಿಯಾಗಳ ತ್ರಿಸದಸ್ಯ ಸಮಿತಿಯೊಂದನ್ನು ನೇಮಿಸಿದರು. ಆ ಸಮಿತಿಯ ದೂತರಾಗಿ ಯುದ್ಧದಿಂದ ಇಬ್ಭಾಗವಾಗಿದ್ದ ರಾಜಧಾನಿ ಬೈರೂತ್‌ನ ಎರಡೂ ಕಡೆಗಳ ನಡುವೆ ಓಡಾಡಿದವರು ಬ್ರಾಹಿಮಿ. ಸೆಪ್ಟೆಂಬರ್‌ನಲ್ಲಿ ಕದನವಿರಾಮ ಕುದುರಿತು. ಬಳಿಕ ಲೆಬನಾನ್‌ನ ಸಂಸದರನ್ನು ಸೌದಿ ಅರೇಬಿಯಾದ ತಾಯಿಫ್ ನಗರಕ್ಕೆ ಕರೆಸಲಾಯಿತು. ಅವರೆಲ್ಲ 1972ರಲ್ಲಿ ಆಯ್ಕೆಯಾದವರು. ಯುದ್ಧದಿಂದಾಗಿ ಆನಂತರ ಚುನಾವಣೆಯೇ ನಡೆದಿರಲಿಲ್ಲ. ಸುಮಾರು ಮೂರು ವಾರಗಳ ಮಾತುಕತೆಯ ನಂತರ ಅಕ್ಟೋಬರ್ 22ರಂದು ಒಪ್ಪಂದವಾಯಿತು.

ಅದರ ತಿರುಳು ಅಧಿಕಾರ ಹಂಚಿಕೆ. ಅದುವರೆಗೆ ಸಂಸತ್ತಿನ 99 ಸ್ಥಾನಗಳಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ 6ಕ್ಕೆ 5ರ ಅನುಪಾತವಿತ್ತು. ತಾಯಿಫ್ ಒಪ್ಪಂದ ಸ್ಥಾನಗಳನ್ನು 108ಕ್ಕೆ ಏರಿಸಿ ಸಮಪಾಲು ಮಾಡಿತು. ಮರೊನೈಟ್ ಕ್ರೈಸ್ತ ಅಧ್ಯಕ್ಷರ ಅಧಿಕಾರದ ಒಂದು ಭಾಗ ಸಚಿವ ಸಂಪುಟಕ್ಕೆ ಹೋಯಿತು. ಲೆಬನಾನ್‌ನಲ್ಲಿ ಬೀಡುಬಿಟ್ಟಿದ್ದ ಸಿರಿಯಾದ ಸೇನೆ ಎರಡು ವರ್ಷಗಳಲ್ಲಿ ಹಿಂದೆ ಸರಿದು ಬೆಕಾ ಕಣಿವೆಯತ್ತ ನೆಲೆಗೊಳ್ಳಬೇಕೆಂದೂ ಇತ್ತು.

ಬೆಲೆಯೂ ದೊಡ್ಡದೇ. ಹೊಸ ಅಧ್ಯಕ್ಷ ರೆನೆ ಮುಆವದ್ ಆಯ್ಕೆಯಾದ ಹದಿನೇಳನೆಯ ದಿನವೇ ಬಾಂಬಿಗೆ ಬಲಿಯಾದರು. ಒಪ್ಪಂದವನ್ನು ತಿರಸ್ಕರಿಸಿದ ಜನರಲ್ ಮಿಶೆಲ್ ಔನ್ ಅವರನ್ನು 1990ರ ಅಕ್ಟೋಬರ್‌ನಲ್ಲಿ ಸಿರಿಯಾದ ಸೇನೆ ಬಲದಿಂದ ಹೊರದಬ್ಬಿತು. ಆ ಸೇನೆ ಲೆಬನಾನ್ ಬಿಟ್ಟು ಹೋದದ್ದು 2005ರ ಏಪ್ರಿಲ್‌ನಲ್ಲಿ. ಆದರೂ ಹದಿನೈದು ವರ್ಷಗಳ ಯುದ್ಧ ನಿಂತಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಬೈರೂತ್‌ನಲ್ಲಿ ಮಕ್ಕಳು ಶೆಲ್ ದಾಳಿಯ ಭಯವಿಲ್ಲದೆ ಶಾಲೆಗೆ ಹೋಗುವಂತಾದದ್ದು ಸಣ್ಣ ಸಂಗತಿಯೆಂದು ನನಗೆ ಅನ್ನಿಸುವುದಿಲ್ಲ.

ತಮ್ಮ ದೇಶದಲ್ಲಿ ಅವರು ವಿದೇಶಾಂಗ ಸಚಿವರಾಗಿದ್ದ ಕಾಲ ಹೇಗಿತ್ತು?

1991ರಿಂದ 1993ರವರೆಗೆ ಆ ಹುದ್ದೆಯಲ್ಲಿದ್ದರು. ಅವರ ಜೀವನಚರಿತ್ರೆಯ ಅತಿ ಇಕ್ಕಟ್ಟಿನ ಅಧ್ಯಾಯ ಇದು. 1991ರ ಡಿಸೆಂಬರ್ 26ರಂದು ನಡೆದ ಸಂಸತ್ ಚುನಾವಣೆಯ ಮೊದಲ ಸುತ್ತಿನಲ್ಲಿ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಎಂಬ ಇಸ್ಲಾಂವಾದಿ ಪಕ್ಷ 188 ಸ್ಥಾನಗಳನ್ನು ಗೆದ್ದಿತು. ಎರಡನೆಯ ಸುತ್ತು ನಡೆಯುವ ಮೊದಲೇ ಸೇನೆ ಮಧ್ಯೆ ಬಂತು. ಅಧ್ಯಕ್ಷ ಷಾದ್ಲಿ ಬೆಂಜೆದಿದ್ ರಾಜೀನಾಮೆ ಕೊಟ್ಟರು, ಚುನಾವಣೆ ರದ್ದಾಯಿತು. ಹೊಸದಾಗಿ ಅಧಿಕಾರ ವಹಿಸಿಕೊಂಡ ಮೊಹಮದ್ ಬೂದಿಯಾಫ್ 1992ರ ಜೂನ್ 29ರಂದು ಹತ್ಯೆಯಾದರು. ದೇಶ ಹತ್ತು ವರ್ಷಗಳ ರಕ್ತಪಾತಕ್ಕೆ ಇಳಿಯಿತು.

ಆ ಸರ್ಕಾರದಲ್ಲಿ ಬ್ರಾಹಿಮಿ ಉಳಿದಿದ್ದರು. ಬೇರೆ ದೇಶಗಳಲ್ಲಿ ಎಲ್ಲರನ್ನೂ ಮಾತುಕತೆಗೆ ಕೂಡಿಸಿದವರು ತಮ್ಮ ದೇಶದ ಗೆದ್ದ ಪಕ್ಷವನ್ನು ಹೊರಗಿಟ್ಟ ಸರ್ಕಾರದ ಮುಖವಾಗಿದ್ದರು ಎಂಬ ಆಕ್ಷೇಪ ನ್ಯಾಯವಾದದ್ದು. ಅವರ ಮೇಲೆ ಎಷ್ಟೇ ಗೌರವವಿದ್ದರೂ ಇದನ್ನು ಮುಚ್ಚಿಡಬಾರದು.

ದಕ್ಷಿಣ ಆಫ್ರಿಕಾ ಮತ್ತು ಹೈಟಿಯಲ್ಲಿ ಅವರ ಪಾತ್ರವೇನು?

1994ರ ಏಪ್ರಿಲ್‌ನಲ್ಲಿ ವರ್ಣಭೇದ ನೀತಿಯನ್ನು ಕೊನೆಗಾಣಿಸಿದ ಚುನಾವಣೆಯ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿದ್ದ ವಿಶ್ವಸಂಸ್ಥೆಯ ವೀಕ್ಷಕ ನಿಯೋಗಕ್ಕೆ ಅವರೇ ಮುಖ್ಯಸ್ಥರು. ಅಲ್ಲಿ ಮುಖ್ಯ ಕೆಲಸವನ್ನು ಮಾಡಿದವರು ಅಲ್ಲಿನ ನಾಯಕರೇ, ವಿಶ್ವಸಂಸ್ಥೆ ಸಾಕ್ಷಿಯಾಗಿತ್ತು. ಅಲ್ಲಿಂದ ಹೈಟಿ. ಸೇನಾ ದಂಗೆಯಲ್ಲಿ ಪದಚ್ಯುತರಾಗಿದ್ದ ಅಧ್ಯಕ್ಷ ಅರಿಸ್ಟೀಡ್ 1994ರ ಅಕ್ಟೋಬರ್‌ನಲ್ಲಿ ಮರಳಿದ ಮೇಲೆ 1996ರವರೆಗೆ ವಿಶ್ವಸಂಸ್ಥೆಯ ನಿಯೋಗವನ್ನು ನಡೆಸಿದರು. 1996ರ ಫೆಬ್ರವರಿಯಲ್ಲಿ ಒಬ್ಬ ಚುನಾಯಿತ ಅಧ್ಯಕ್ಷರಿಂದ ಇನ್ನೊಬ್ಬ ಚುನಾಯಿತ ಅಧ್ಯಕ್ಷರಿಗೆ ಅಧಿಕಾರ ಶಾಂತಿಯುತವಾಗಿ ದಾಟಿತು.

ತಾಲಿಬಾನ್ ನಾಯಕ ಮುಲ್ಲಾ ಒಮರ್ ಅವರನ್ನು ಭೇಟಿಯಾಗಿದ್ದರು ಎಂಬುದು ನಿಜವೇ?

ನಿಜ. 1997ರಿಂದ 1999ರವರೆಗೆ ಅವರು ಅಫ್ಗಾನಿಸ್ತಾನಕ್ಕೆ ವಿಶ್ವಸಂಸ್ಥೆಯ ದೂತರಾಗಿದ್ದರು. 1998ರ ಆಗಸ್ಟ್‌ನಲ್ಲಿ ತಾಲಿಬಾನ್ ಪಡೆಗಳು ಮಜಾರ್-ಎ-ಷರೀಫ್ ನಗರವನ್ನು ವಶಪಡಿಸಿಕೊಂಡಾಗ ಅಲ್ಲಿದ್ದ ಇರಾನಿನ ರಾಜತಾಂತ್ರಿಕರು ಮತ್ತು ಒಬ್ಬ ಪತ್ರಕರ್ತ ಕೊಲೆಯಾದರು. ಇರಾನ್ ತನ್ನ ಪೂರ್ವ ಗಡಿಗೆ ಭಾರೀ ಸೇನೆಯನ್ನು ತಂದು ನಿಲ್ಲಿಸಿತು. ಯುದ್ಧ ಇನ್ನೇನು ಹತ್ತಿಕೊಳ್ಳುತ್ತದೆ ಎನ್ನುವಾಗ ಅಕ್ಟೋಬರ್‌ನಲ್ಲಿ ಬ್ರಾಹಿಮಿ ಕಂದಹಾರಕ್ಕೆ ಹೋಗಿ, ಹೊರಗಿನವರಿಗೆ ಮುಖ ತೋರಿಸಲೂ ಒಪ್ಪದ ಒಮರ್ ಅವರ ಎದುರು ಕುಳಿತರು. ಸೆರೆಯಲ್ಲಿದ್ದ ಇರಾನಿಯರ ಬಿಡುಗಡೆಗೆ ದಾರಿಯಾಯಿತು, ಗಡಿಯ ಬಿಸಿ ಇಳಿಯಿತು.

ಅಂತರ್ಯುದ್ಧ ಮಾತ್ರ ನಿಲ್ಲಲಿಲ್ಲ. ನೆರೆಯ ದೇಶಗಳು ಮಾತುಕತೆಯ ಮೇಜಿನಲ್ಲಿ ಶಾಂತಿಗೆ ಸಹಿ ಹಾಕುತ್ತ, ಹಿಂಬಾಗಿಲಿನಿಂದ ತಮಗೆ ಬೇಕಾದವರಿಗೆ ಶಸ್ತ್ರ ಕಳುಹಿಸುತ್ತಿದ್ದವು. ಇದನ್ನು ಬಹಿರಂಗವಾಗಿ ಹೇಳಿಯೇ ಬ್ರಾಹಿಮಿ 1999ರಲ್ಲಿ ಆ ಕೆಲಸದಿಂದ ಹಿಂದೆ ಸರಿದರು.

ಬಾನ್ ಒಪ್ಪಂದದಲ್ಲಿ ಅವರ ಪಾತ್ರ ಏನು? ಅದು ಯಶಸ್ಸೋ ಸೋಲೋ?

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನಾನ್, ಬ್ರಾಹಿಮಿಯವರನ್ನು ಮತ್ತೆ ಕರೆದರು. ನವೆಂಬರ್ 13ರಂದು ಕಾಬೂಲ್ ತಾಲಿಬಾನ್ ಕೈತಪ್ಪಿತು. ನವೆಂಬರ್ 27ರಂದು ಜರ್ಮನಿಯ ಬಾನ್ ಬಳಿ, ಗುಡ್ಡದ ಮೇಲಿನ ಪೀಟರ್ಸ್‌ಬರ್ಗ್ ಅತಿಥಿಗೃಹದಲ್ಲಿ ಅಫ್ಗನ್ನರ ನಾಲ್ಕು ಗುಂಪುಗಳು ಸೇರಿದವು: ತಾಲಿಬಾನ್ ವಿರುದ್ಧ ಹೋರಾಡಿದ್ದ ಉತ್ತರದ ಮೈತ್ರಿಕೂಟ, ಮಾಜಿ ದೊರೆ ಜಾಹಿರ್ ಷಾ ಅವರ ರೋಮ್ ಗುಂಪು, ದೇಶದಾಚೆ ನೆಲೆಸಿದ್ದವರ ಸೈಪ್ರಸ್ ಗುಂಪು ಮತ್ತು ಪೇಶಾವರ ಗುಂಪು. ರಂಜಾನ್ ಉಪವಾಸದ ದಿನಗಳವು. ಅಮೆರಿಕದ ಜೇಮ್ಸ್ ಡಾಬಿನ್ಸ್, ಇರಾನಿನ ಜಾವದ್ ಜರೀಫ್, ಭಾರತದ ಸತೀಂದರ್ ಲಾಂಬಾ ಮೊದಲಾದ ರಾಜತಾಂತ್ರಿಕರು ಪಕ್ಕದಲ್ಲಿದ್ದರು.

ಕೊನೆಯ ರಾತ್ರಿ ಮಾತುಕತೆ ಮುರಿದುಬೀಳುವಂತಿತ್ತು. ಉತ್ತರದ ಮೈತ್ರಿಕೂಟ ಸಚಿವ ಸ್ಥಾನಗಳಲ್ಲಿ ಬಹುಪಾಲನ್ನು ತನಗೇ ಕೇಳುತ್ತಿತ್ತು. ಜರೀಫ್ ಅವರು ಮೈತ್ರಿಕೂಟದ ಯೂನುಸ್ ಕಾನೂನಿಯವರನ್ನು ಪಕ್ಕಕ್ಕೆ ಕರೆದು ಮಾತಾಡಿದ ಮೇಲೆ ಬೇಡಿಕೆ ಸಡಿಲವಾಯಿತು. ಅಮೆರಿಕ ಮತ್ತು ಇರಾನ್ ಒಂದೇ ಫಲಕ್ಕಾಗಿ ಕೆಲಸ ಮಾಡಿದ ಅಪರೂಪದ ಗಳಿಗೆ ಅದು. ಡಿಸೆಂಬರ್ 5ರಂದು ಸಹಿಯಾಯಿತು, 22ರಂದು ಹಮೀದ್ ಕರ್ಜಾಯಿ ಮಧ್ಯಂತರ ಆಡಳಿತದ ಮುಖ್ಯಸ್ಥರಾದರು. 2002ರ ಜೂನ್‌ನಲ್ಲಿ ಲೋಯಾ ಜಿರ್ಗಾ ಮಹಾಸಭೆ ಸೇರಿತು. 2004ರ ಜನವರಿಯಲ್ಲಿ ಹೊಸ ಸಂವಿಧಾನ ಬಂತು.

ಇಷ್ಟು ಬೇಗ ಇಷ್ಟನ್ನು ಕಟ್ಟಿದ್ದು ದೊಡ್ಡ ಸಾಧನೆ. ಆದರೆ ಆ ಕೋಣೆಯಲ್ಲಿ ತಾಲಿಬಾನ್ ಇರಲಿಲ್ಲ. ಸೋತು ಚದುರಿಹೋಗಿದ್ದವರನ್ನು ಕರೆಯುವ ಮಾತನ್ನು ಆಗ ಯಾರೂ ಎತ್ತುವಂತಿರಲಿಲ್ಲ. ವಾಷಿಂಗ್ಟನ್ ಸುತರಾಂ ಒಪ್ಪುತ್ತಿರಲಿಲ್ಲ. ಬಾನ್‌ಗೆ ತಾಲಿಬಾನ್ ಬರದೇ ಹೋದದ್ದನ್ನು ಬ್ರಾಹಿಮಿಯವರೇ ಮುಂದೆ ಮೂಲ ದೋಷವೆಂದು ಕರೆದರು. 2002ರಲ್ಲಾದರೂ ಅವರ ಹಳ್ಳಿಗಳಿಗೆ ಹೋಗಿ ಮಾತಾಡಬಹುದಿತ್ತು, ಅದೂ ಆಗಲಿಲ್ಲ. 2020ರಲ್ಲಿ ಅಮೆರಿಕ ದೋಹಾದಲ್ಲಿ ಅದೇ ತಾಲಿಬಾನ್ ಜೊತೆ ಒಪ್ಪಂದ ಮಾಡಿಕೊಂಡಿತು. ಆಗ ಕಾಬೂಲ್ ಸರ್ಕಾರವೇ ಕೋಣೆಯ ಹೊರಗಿತ್ತು. 2021ರ ಆಗಸ್ಟ್ 15ರಂದು ಏನಾಯಿತೆಂದು ಜಗತ್ತೇ ನೋಡಿದೆ. ಹೊರಗಿಟ್ಟವರು ಇಪ್ಪತ್ತು ವರ್ಷಗಳ ನಂತರ ಬಂದೂಕಿನೊಂದಿಗೆ ಒಳಬಂದರು. ಬ್ರಾಹಿಮಿಯವರ ಇಡೀ ವೃತ್ತಿಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ.

ಅಫ್ಗಾನಿಸ್ತಾನದಲ್ಲಿ ಸೇನಾಪತಿಗಳ ಕೈ ಮೇಲಾಗಲು ಅವರೇ ಕಾರಣ ಎನ್ನುತ್ತಾರಲ್ಲ?

ಅರ್ಧ ನಿಜ. ವಿಶ್ವಸಂಸ್ಥೆಯ ಸಿಬ್ಬಂದಿ ಕಡಿಮೆ ಇರಲಿ, ಅಫ್ಗನ್ನರೇ ಆಡಳಿತ ನಡೆಸಲಿ ಎಂಬುದು ಅವರ ನೀತಿಯಾಗಿತ್ತು. ಶಸ್ತ್ರ ಹೊಂದಿದ ಪ್ರಾಂತೀಯ ನಾಯಕರು ಆ ಜಾಗವನ್ನು ತುಂಬಿದರು. ಆದರೆ ಅಂತರರಾಷ್ಟ್ರೀಯ ಭದ್ರತಾ ಪಡೆಯನ್ನು ಕಾಬೂಲ್‌ನ ಹೊರಗೂ ವಿಸ್ತರಿಸಿ ಎಂದು ಬ್ರಾಹಿಮಿ ಆರಂಭದಲ್ಲೇ ಕೇಳಿದ್ದರು. ಅಮೆರಿಕ ಮನಸ್ಸು ಮಾಡಲಿಲ್ಲ. ಭದ್ರತಾ ಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2003ರ ಅಕ್ಟೋಬರ್‌ನಲ್ಲಿ, ಕಾಲ ಮಿಂಚಿದ ಮೇಲೆ.

‘ಬ್ರಾಹಿಮಿ ವರದಿ’ ಎಂದರೇನು? ಭಾರತಕ್ಕೆ ಅದು ಏಕೆ ಮುಖ್ಯ?

1994ರಲ್ಲಿ ರವಾಂಡಾ, 1995ರಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾ. ಎರಡೂ ಕಡೆ ನೀಲಿ ಹೆಲ್ಮೆಟ್ ಧರಿಸಿದ ವಿಶ್ವಸಂಸ್ಥೆಯ ಸೈನಿಕರು ಇದ್ದಾಗಲೇ ನರಮೇಧ ನಡೆಯಿತು. ಆ ಕಳಂಕದ ಹಿನ್ನೆಲೆಯಲ್ಲಿ ಅನಾನ್ 2000ದ ಮಾರ್ಚ್‌ನಲ್ಲಿ ಶಾಂತಿಪಾಲನಾ ಕಾರ್ಯಾಚರಣೆಗಳ ಪರಾಮರ್ಶೆಗೆ ಬ್ರಾಹಿಮಿ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ಆಗಸ್ಟ್‌ನಲ್ಲಿ ವರದಿ ಬಂತು.

ವಿಶ್ವಸಂಸ್ಥೆಯ ಕಾಗದಗಳಲ್ಲಿ ಇಷ್ಟು ನೇರವಾಗಿ ಬರೆದದ್ದು ವಿರಳ. ಭದ್ರತಾ ಮಂಡಳಿ ಕೇಳಲು ಬಯಸುವುದನ್ನು ಬಿಟ್ಟು, ಅದಕ್ಕೆ ತಿಳಿದಿರಲೇಬೇಕಾದದ್ದನ್ನು ಅಧಿಕಾರಿಗಳು ಹೇಳಬೇಕು ಎಂದಿತು. ಸೈನಿಕರನ್ನು ಕೊಡುವ ದೇಶಗಳು ಖಚಿತವಾಗುವವರೆಗೆ ಪಡೆ ಕಳುಹಿಸುವ ಮಂಡಳಿಯ ನಿರ್ಣಯ ಕರಡಾಗಿಯೇ ಇರಲಿ ಎಂದು ಸೂಚಿಸಿತು. ಸಾಮಾನ್ಯ ಕಾರ್ಯಾಚರಣೆಗೆ 30 ದಿನ, ಸಂಕೀರ್ಣ ಕಾರ್ಯಾಚರಣೆಗೆ 90 ದಿನಗಳೊಳಗೆ ಪಡೆ ನೆಲೆಗೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೊಲ್ಲುವವನನ್ನೂ ಕೊಲೆಯಾಗುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಿಷ್ಪಕ್ಷಪಾತವಾಗದು, ಅದು ಪಾಪದಲ್ಲಿ ಪಾಲುದಾರಿಕೆಯೂ ಆಗಬಹುದು ಎಂದು ಹೇಳಿತು.

ಸಮಿತಿ ಕೆಲಸ ಮಾಡುತ್ತಿದ್ದ ತಿಂಗಳುಗಳಲ್ಲೇ ಸಿಯೆರಾ ಲಿಯೋನ್‌ನಲ್ಲಿ ಬಂಡುಕೋರರು ನೂರಾರು ಶಾಂತಿಪಾಲಕರನ್ನು ಸೆರೆಹಿಡಿದರು. ಅಲ್ಲಿನ ವಿಶ್ವಸಂಸ್ಥೆಯ ಪಡೆಗೆ ಆಗ ಭಾರತದ ಮೇಜರ್ ಜನರಲ್ ವಿಜಯ್ ಕುಮಾರ್ ಜೇಟ್ಲಿ ದಂಡನಾಯಕರು. ಕೈಲಾಹುನ್‌ನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಭಾರತೀಯ ಸೈನಿಕರನ್ನು ಜುಲೈನಲ್ಲಿ ‘ಆಪರೇಷನ್ ಖುಕ್ರಿ’ ಮೂಲಕ ಬಿಡಿಸಿ ತರಲಾಯಿತು. ದಶಕಗಳಿಂದ ಶಾಂತಿಪಾಲನೆಗೆ ಅತಿ ಹೆಚ್ಚು ಸೈನಿಕರನ್ನು ಕಳುಹಿಸಿದ ದೇಶಗಳಲ್ಲಿ ನಮ್ಮದೂ ಒಂದು. ಸೈಪ್ರಸ್‌ನ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಲೇ 1965ರಲ್ಲಿ ತೀರಿಕೊಂಡ ಜನರಲ್ ತಿಮ್ಮಯ್ಯನವರು ಕೊಡಗಿನವರು. ಆದ್ದರಿಂದ ನ್ಯೂಯಾರ್ಕಿನಲ್ಲಿ ಬರೆದ ಆದೇಶ ಸ್ಪಷ್ಟವಿದೆಯೇ, ಸಾಕಷ್ಟು ಬಲವಿದೆಯೇ ಎಂಬ ಪ್ರಶ್ನೆ ಇಲ್ಲಿನ ಮನೆಗಳನ್ನೂ ತಟ್ಟುತ್ತದೆ.

ಇರಾಕ್‌ನಲ್ಲಿ ಅಮೆರಿಕದ ಕೈಗೊಂಬೆಯಾದರು ಎಂಬ ಟೀಕೆ ಸರಿಯೇ?

ಅಮೆರಿಕ ಇರಾಕನ್ನು ಆಕ್ರಮಿಸಿದ ವರ್ಷವೇ, 2003ರ ಆಗಸ್ಟ್ 19ರಂದು, ರಾಜಧಾನಿ ಬಾಗ್ದಾದ್‌ನ ಕೆನಾಲ್ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಬಾಂಬ್ ದಾಳಿಯಾಗಿ ಅದರ ಮುಖ್ಯಸ್ಥ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಮಂದಿ ಸತ್ತಿದ್ದರು. ಅಂಥ ನಗರಕ್ಕೆ ಬ್ರಾಹಿಮಿ 2004ರ ಫೆಬ್ರವರಿಯಲ್ಲಿ ಹೋದರು. ನೇರ ಚುನಾವಣೆಯೇ ಬೇಕೆಂದು ಪಟ್ಟು ಹಿಡಿದಿದ್ದ ಶಿಯಾ ಧರ್ಮಗುರು ಆಯತೊಲ್ಲಾ ಸಿಸ್ತಾನಿಯವರನ್ನು ನಜಫ್‌ನಲ್ಲಿ ಕಂಡರು. ಸಿಸ್ತಾನಿಯವರ ಬೇಡಿಕೆ ನ್ಯಾಯವಾದದ್ದು, ಆದರೆ ಇರಾಕಿಗರಿಗೆ ಅಧಿಕಾರ ಹಸ್ತಾಂತರಿಸಲು ಗೊತ್ತುಮಾಡಿದ್ದ ಜೂನ್ 30ರೊಳಗೆ ಸರಿಯಾದ ಚುನಾವಣೆ ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಚುನಾವಣೆ 2005ರ ಜನವರಿ 30ರಂದು ನಡೆಯಿತು.

ಮಧ್ಯಂತರ ಸರ್ಕಾರದ ಆಯ್ಕೆಯಲ್ಲಿ ಅವರ ಕೈ ಕಟ್ಟಿತ್ತು. ಪಕ್ಷಾತೀತ ತಜ್ಞರ ಸರ್ಕಾರ ಅವರ ಬಯಕೆಯಾಗಿತ್ತು. ಪ್ರಧಾನಿಯಾದವರು ಅಮೆರಿಕ ನೇಮಿಸಿದ್ದ ಇರಾಕಿಗರ ಆಡಳಿತ ಮಂಡಳಿ ಮುಂದಿಟ್ಟ, ಅಮೆರಿಕಕ್ಕೂ ಒಪ್ಪಿಗೆಯಾದ ಅಯಾದ್ ಅಲ್ಲಾವಿ. ಕೈಗೊಂಬೆಯಾಗಿದ್ದರೆ ಅವರು ಪತ್ರಕರ್ತರ ಮುಂದೆ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಅವರನ್ನು ಇರಾಕ್‌ನ ಸರ್ವಾಧಿಕಾರಿ ಎಂದು ಕರೆಯುತ್ತಿರಲಿಲ್ಲ. ಹಣವೂ ಸಹಿಯೂ ಬ್ರೆಮರ್ ಕೈಯಲ್ಲಿವೆ ಎಂದು ಅವರು ಬಾಯಿಬಿಟ್ಟು ಹೇಳಿದರು. ಆದರೂ ಆಕ್ರಮಿತ ದೇಶದಲ್ಲಿ ಸರ್ಕಾರ ಕಟ್ಟಲು ಹೊರಟ ಸಂಧಾನಕಾರ ಆಕ್ರಮಿಸಿದವರಿಗೆ ಒಂದಿಷ್ಟು ಗೌರವದ ಹೊದಿಕೆ ಕೊಟ್ಟಂತಾಗುತ್ತದೆ. ಆ ಮಾತಿಗೆ ಉತ್ತರವಿಲ್ಲ.

ಸಿರಿಯಾದಲ್ಲಿ ಏಕೆ ಸೋತರು?

ಸಿರಿಯಾದ ಅಂತರ್ಯುದ್ಧಕ್ಕೆ ಸಂಧಾನಕಾರನಾಗುವ, ಕೋಫಿ ಅನಾನ್ ಕೈಚೆಲ್ಲಿದ ಕೆಲಸವನ್ನು 2012ರ ಆಗಸ್ಟ್‌ನಲ್ಲಿ ಬ್ರಾಹಿಮಿ ಒಪ್ಪಿಕೊಂಡರು. ಆಗ ವಯಸ್ಸು 78. ಅಕ್ಟೋಬರ್‌ನಲ್ಲಿ ಬಕ್ರೀದ್ ಹಬ್ಬಕ್ಕೆ ಕದನವಿರಾಮ ಕುದುರಿಸಿದರು, ಅದು ಹಬ್ಬದ ದಿನವೇ ಮುರಿಯಿತು. ಅಧ್ಯಕ್ಷ ಅಸಾದ್ ಅವರ ಸರ್ಕಾರ ಬ್ರಾಹಿಮಿಯವರನ್ನು ಪಕ್ಷಪಾತಿ ಎಂದಿತು. ವಿರೋಧಿಗಳಿಗೆ ಅವರು ಅಸಾದ್ ಜೊತೆ ಮಾತಾಡುವುದೇ ಸಹಿಸಲಿಲ್ಲ. 2013ರ ಜುಲೈ ಹೊತ್ತಿಗೆ ಸತ್ತವರ ಸಂಖ್ಯೆ ಒಂದು ಲಕ್ಷ ದಾಟಿದೆ ಎಂದು ವಿಶ್ವಸಂಸ್ಥೆ ಹೇಳಿತು.

2014ರ ಜನವರಿ 22ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಸಮ್ಮೇಳನ ಆರಂಭವಾಯಿತು. ಇರಾನ್‌ಗೆ ಕೊಟ್ಟ ಆಹ್ವಾನವನ್ನು ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಒಂದೇ ದಿನದಲ್ಲಿ ಹಿಂದಕ್ಕೆ ಪಡೆದಿದ್ದರು, ಏಕೆಂದರೆ ಇರಾನ್ ಬಂದರೆ ತಾವು ಬರುವುದಿಲ್ಲವೆಂದು ವಿರೋಧಿಗಳು ಹಟ ಹಿಡಿದಿದ್ದರು. ಅಸಾದ್ ಬೆನ್ನಿಗೆ ನಿಂತ ದೊಡ್ಡ ಶಕ್ತಿಯೊಂದು ಇಲ್ಲೂ ಹೊರಗೇ ಉಳಿಯಿತು. ಜಿನೀವಾದಲ್ಲಿ ಎರಡೂ ಪಕ್ಷಗಳು ಒಂದೇ ಕೋಣೆಯಲ್ಲಿ ಕುಳಿತರೂ ಪರಸ್ಪರ ಮಾತಾಡಲಿಲ್ಲ. ಹೇಳುವುದನ್ನೆಲ್ಲ ಬ್ರಾಹಿಮಿಯವರಿಗೆ ಹೇಳಿದರು. ಹೋಮ್ಸ್ ನಗರದ ಹಳೆಯ ಭಾಗದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ನಾಗರಿಕರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಹೊರಬಂದದ್ದೊಂದೇ ಕಣ್ಣಿಗೆ ಕಾಣುವ ಫಲ. ಎರಡು ಸುತ್ತುಗಳ ನಂತರ ಮಾತುಕತೆ ನಿಂತಿತು. ಬ್ರಾಹಿಮಿ ಸಿರಿಯಾದ ಜನರ ಕ್ಷಮೆ ಕೇಳಿದರು, ಮೇ ತಿಂಗಳಲ್ಲಿ ಹುದ್ದೆ ಬಿಟ್ಟರು.

ತಾಳಮದ್ದಲೆಯಲ್ಲಿ ಕೃಷ್ಣ ಸಂಧಾನದ ಪ್ರಸಂಗ ಕೇಳಿ ಬೆಳೆದವರಿಗೆ ಇದು ಅರ್ಥವಾದೀತು: ಕೌರವನ ಸಭೆಯಲ್ಲಿ ಫಲ ಸಿಗದೆಂದು ಬಲ್ಲವನೂ ಹೋಗಲೇಬೇಕಾದ ಹೊತ್ತು ಇರುತ್ತದೆ. ಭದ್ರತಾ ಮಂಡಳಿಯೇ ಇಬ್ಭಾಗವಾಗಿರುವಾಗ, ಎರಡೂ ಕಡೆಯವರು ತಾವೇ ಗೆಲ್ಲುತ್ತೇವೆಂದು ನಂಬಿರುವಾಗ, ಯಾವ ಸಂಧಾನಕಾರನ ಜಾಣ್ಮೆಯೂ ನಡೆಯದು. 2024ರ ಡಿಸೆಂಬರ್ 8ರಂದು ಅಸಾದ್ ದೇಶ ಬಿಟ್ಟು ಓಡುವವರೆಗೆ ಲಕ್ಷಾಂತರ ಜನ ಸತ್ತಿದ್ದರು.

ಅವರ ಕುಟುಂಬದ ಬಗ್ಗೆ?

ಮಗಳು ರೀಮ್ ಬ್ರಾಹಿಮಿ ಸಿಎನ್ಎನ್ ವಾಹಿನಿಯ ವರದಿಗಾರ್ತಿಯಾಗಿ ಬಾಗ್ದಾದ್‌ನಿಂದ ವರದಿ ಮಾಡಿದವರು. 2004ರಲ್ಲಿ ಜೋರ್ಡಾನಿನ ರಾಜಕುಮಾರ ಅಲಿ ಬಿನ್ ಹುಸೇನ್ ಅವರನ್ನು ಮದುವೆಯಾದರು.

ನಿವೃತ್ತಿಯ ನಂತರ ಅಲ್ಜೀರಿಯಾದ ರಾಜಕೀಯಕ್ಕೆ ಮರಳಿದರೇ?

ತಾಯ್ನಾಡಿಗೆ ಸಂಬಂಧಿಸಿದ ಒಂದು ನೋವಿನ ಹೊಣೆ ಅವರಿಗೆ ಮೊದಲೇ ಬಂದಿತ್ತು. 2007ರ ಡಿಸೆಂಬರ್ 11ರಂದು ಅಲ್ಜೀರ್ಸ್‌ನ ವಿಶ್ವಸಂಸ್ಥೆ ಕಚೇರಿ ಬಾಂಬಿಗೆ ಗುರಿಯಾಗಿ 17 ಸಿಬ್ಬಂದಿ ಸತ್ತರು. ಸಿಬ್ಬಂದಿಯ ಸುರಕ್ಷತೆಯ ಬಗ್ಗೆ ತನಿಖೆ ನಡೆಸಿದ ಸಮಿತಿಗೆ ಬ್ರಾಹಿಮಿಯೇ ಅಧ್ಯಕ್ಷರಾಗಿದ್ದರು.

2019ರ ಫೆಬ್ರವರಿಯಲ್ಲಿ ಅಧ್ಯಕ್ಷ ಬೂತೆಫ್ಲಿಕಾ ಐದನೆಯ ಅವಧಿಗೆ ಸ್ಪರ್ಧಿಸುವುದರ ವಿರುದ್ಧ ಲಕ್ಷಾಂತರ ಅಲ್ಜೀರಿಯನ್ನರು ಬೀದಿಗಿಳಿದರು. ಆ ಚಳವಳಿಗೆ ಹಿರಾಕ್ ಎಂದು ಹೆಸರು. ಮಾರ್ಚ್ 11ರಂದು ಬೂತೆಫ್ಲಿಕಾ ಸ್ಪರ್ಧೆ ಕೈಬಿಟ್ಟು, ರಾಷ್ಟ್ರೀಯ ಸಮ್ಮೇಳನ ಕರೆಯುವುದಾಗಿ ಘೋಷಿಸಿದರು. ಅದರ ನೇತೃತ್ವಕ್ಕೆ ಬ್ರಾಹಿಮಿ ಹೆಸರು ಕೇಳಿಬಂತು. ಬೂತೆಫ್ಲಿಕಾ 1963ರಿಂದ 1979ರವರೆಗೆ ವಿದೇಶಾಂಗ ಸಚಿವರಾಗಿದ್ದಾಗ ಬ್ರಾಹಿಮಿ ಅವರ ರಾಯಭಾರಿಯಾಗಿದ್ದವರು, ಹಳೆಯ ಒಡನಾಡಿ. ಬೀದಿಯಲ್ಲಿದ್ದ ಯುವಜನರಿಗೆ 85ರ ಈ ಹಿರಿಯರು ತಾವು ಕಿತ್ತೊಗೆಯಲು ಹೊರಟ ವ್ಯವಸ್ಥೆಯ ಮುಖವಾಗಿಯೇ ಕಂಡರು. ಆ ಯುವಕರು ಹೊಣೆಯರಿತು ನಡೆದುಕೊಂಡಿದ್ದಾರೆ ಎಂದು ಬ್ರಾಹಿಮಿ ಮೆಚ್ಚಿಕೊಂಡರೂ ಯುವಜನರು ಅವರನ್ನು ಒಪ್ಪಲಿಲ್ಲ. ಜಕಾರ್ತಾದಲ್ಲಿ ತಮ್ಮ ವಿಮೋಚನೆಗಾಗಿ ದನಿಯೆತ್ತಿದ್ದ ಮನುಷ್ಯನನ್ನೇ ಆ ದೇಶದ ಹೊಸ ತಲೆಮಾರು ನಿರಾಕರಿಸಿತು. ಅವರ ಸೇವೆಯನ್ನು ಬಲ್ಲವರಿಗೆ ಇದು ಕಹಿಯೆನಿಸಬಹುದು, ಆದರೆ 1992ರಲ್ಲಿ ಮತ ಕಳೆದುಕೊಂಡ ಜನರ ಮಕ್ಕಳಿಗೆ ಆ ಹಕ್ಕಿತ್ತು. ಸಮ್ಮೇಳನ ನಡೆಯಲೇ ಇಲ್ಲ. ಏಪ್ರಿಲ್ 2ರಂದು ಬೂತೆಫ್ಲಿಕಾ ರಾಜೀನಾಮೆ ಕೊಟ್ಟರು.